ನೆಟ್‌ವರ್ಕ್ ಇಲ್ಲದ ಕಡೆ ಜಿಯೊಕ್ಯಾಶ್ ಹುಡುಕೋದು ಹೇಗೆ?

ಪ್ರಶ್ನೆ: ಸ್ಕಾಟ್ಲೆಂಡಿನ ಸ್ಕೈ ದ್ವೀಪಕ್ಕೆ ಹೊರಟಿದ್ದೇವೆ. ಲಾಖ್ ಕೊರೂಸ್ಕ್ ಸರೋವರದ ಹತ್ತಿರ ನೆಟ್‌ವರ್ಕ್ ಸಿಗಲ್ಲವಂತೆ. ಜಿಪಿಎಸ್ ಇಲ್ಲದೆ ಜಿಯೊಕ್ಯಾಶ್ (ಯಾರೋ ಬಚ್ಚಿಟ್ಟು, ಜಾಗದ ಅಕ್ಷಾಂಶ-ರೇಖಾಂಶ ಕೊಟ್ಟು, ಬೇರೆಯವರು ಹುಡುಕಲಿ ಅಂತ ಬಿಟ್ಟ ಡಬ್ಬಿ) ಹುಡುಕೋದು ಹೇಗೆ?

ಉತ್ತರ: ರಜೆ ಹತ್ತಿರ ಬಂತು ಅಂದರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ಇನ್ನೊಂದು ಸಲ ಹೇಳುತ್ತೇನೆ. ಜಿಪಿಎಸ್‌ಗೆ ಸಿಮ್ ಬೇಡ, ಡೇಟಾ ಬೇಡ, ಟವರೂ ಬೇಡ.

ನಿಮ್ಮ ಫೋನು ಜಿಪಿಎಸ್ ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ಸುಮ್ನೆ ಕೇಳಿಸಿಕೊಳ್ಳುತ್ತದೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಾವು ಎಲ್ಲಿದ್ದೇವೆ, ಸಮಯ ಎಷ್ಟು ಅಂತ ಹಗಲೂ ರಾತ್ರಿ ಸಾರುತ್ತಲೇ ಇರುತ್ತವೆ. ರೇಡಿಯೊದಲ್ಲಿ ವಾರ್ತೆ ಕೇಳಲು ಯಾರಾದರೂ ರೀಚಾರ್ಜ್ ಮಾಡಿಸುತ್ತಾರಾ? ನಾಲ್ಕು ಉಪಗ್ರಹ ಸಿಕ್ಕರೆ ಸಾಕು, ಉಳಿದ ಲೆಕ್ಕ ಫೋನಿನದು. ನಂಬಿಕೆ ಬರದಿದ್ದರೆ ಏರೋಪ್ಲೇನ್ ಮೋಡ್ ಹಾಕಿ, ಲೊಕೇಶನ್ ಆನ್ ಇಟ್ಟು, ತಾರಸಿಗೆ ಹೋಗಿ ನೋಡಿ.

"ಘಾಟಿಯಲ್ಲಿ ನೆಟ್‌ವರ್ಕ್ ಹೋದ ಕೂಡಲೇ ಮ್ಯಾಪ್ ನಿಂತುಹೋಯ್ತಲ್ಲ?" ಅನ್ನುತ್ತೀರಿ. ನಿಂತದ್ದು ಮ್ಯಾಪ್, ಸ್ವಾಮಿ. ನೀಲಿ ಚುಕ್ಕೆ ಖಾಲಿ ಪರದೆಯ ಮೇಲೆ ತನ್ನ ಪಾಡಿಗೆ ಸಾಗುತ್ತಲೇ ಇತ್ತು. ನೆಟ್‌ವರ್ಕ್ ಇದ್ದರೆ ಉಪಗ್ರಹಗಳ ಮಾಹಿತಿ ಬೇಗ ಸಿಗುತ್ತದೆ, ಇಲ್ಲದಿದ್ದರೆ ಸ್ವಲ್ಪ ಹೊತ್ತು ಜಾಸ್ತಿ ಕಾಯಬೇಕು. ವ್ಯತ್ಯಾಸ ಅಷ್ಟೇ. ಕೊರೂಸ್ಕ್‌ಗೆ ಹೋಗಲು ಎಲ್ಗೋಲ್ ಹಳ್ಳಿಯಲ್ಲಿ ದೋಣಿ ಹತ್ತುವ ಮೊದಲೇ ಮ್ಯಾಪು, ಕ್ಯಾಶ್‌ನ ವಿವರ, ಸುಳಿವು ಎಲ್ಲ ಫೋನಿಗೆ ಇಳಿಸಿಕೊಳ್ಳಿ.

ಈ ಆಟ ಶುರುವಾದದ್ದು 2000ದ ಮೇ ತಿಂಗಳಲ್ಲಿ. ಜನರ ಜಿಪಿಎಸ್‌ಗೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ಅಮೆರಿಕ ಸರ್ಕಾರ ನಿಲ್ಲಿಸಿತು. ಅದರ ಬೆನ್ನಿಗೇ ಡೇವ್ ಉಲ್ಮರ್ ಎಂಬವರು ಒರೆಗಾನ್‌ನಲ್ಲಿ ಒಂದು ಬಕೆಟ್ ಬಚ್ಚಿಟ್ಟರು. ಅದನ್ನು ಹುಡುಕಿದವರು ಯಾವ ಡೇಟಾ ಪ್ಯಾಕ್ ಹಾಕಿಸಿಕೊಂಡಿದ್ದರು?

ಕೊರೂಸ್ಕ್‌ನಲ್ಲಿ ಕಾಟ ಕೊಡುವುದು ಗುಡ್ಡ. ಹಿಮನದಿ ಅಲ್ಲಿನ ಬಂಡೆಯನ್ನು ಸಮುದ್ರಮಟ್ಟಕ್ಕಿಂತ ಕೆಳಗಿನವರೆಗೆ ಕೊರೆದಿದೆ. ಸುತ್ತ ಕೂಲಿನ್ ಬೆಟ್ಟಗಳು ಗೋಡೆಯಂತೆ ಎದ್ದಿವೆ. ಒಂದಷ್ಟು ಆಕಾಶ ಮರೆಯಾಗುತ್ತದೆ, ಸಿಗ್ನಲ್ ಬಂಡೆಗೆ ಬಡಿದು ಬಳಸಿ ಬರುತ್ತದೆ, ಚುಕ್ಕೆ ಅತ್ತಿತ್ತ ಕುಣಿಯುತ್ತದೆ. ಜಿಪಿಎಸ್‌ನಂಥದ್ದೇ ನಮ್ಮ ಭಾರತದ ಉಪಗ್ರಹ ವ್ಯವಸ್ಥೆ ನಾವಿಕ್ ಅಲ್ಲಿ ಕೈಹಿಡಿಯಲ್ಲ. ಅದರ ವ್ಯಾಪ್ತಿ ಭಾರತ ಮತ್ತು ಸುತ್ತಲಿನ 1,500 ಕಿ.ಮೀ. ಮಾತ್ರ.

ಇದಕ್ಕಿಂತ ಒಳ್ಳೆಯ ಪ್ರಶ್ನೆಯೊಂದಿದೆ, ಅದನ್ನು ಯಾರೂ ಕೇಳಲ್ಲ. ದಿಕ್ಸೂಚಿಯನ್ನು ನಂಬಬಹುದಾ? ಕೂಲಿನ್‌ನಲ್ಲಿ ಪೂರ್ತಿ ನಂಬಬೇಡಿ. ಅಲ್ಲಿನ ಗ್ಯಾಬ್ರೊ, ಬಸಾಲ್ಟ್ ಬಂಡೆಗಳಲ್ಲಿ ಕಾಂತಗುಣದ ಖನಿಜ ಇದೆ. ಕೆಲವು ಕಡೆ ಮುಳ್ಳು ದಿಕ್ಕು ತಪ್ಪಿಸುತ್ತದೆ. ನೀವು ನಿಂತಲ್ಲೇ ನಿಂತಿರುವಾಗ ಫೋನಿನ ಆ್ಯಪ್ ತೋರಿಸುವ ಬಾಣವೂ ಅಂಥದ್ದೇ ಕಾಂತ ಸೆನ್ಸರ್ ಹೇಳಿದಂತೆ ತಿರುಗುವುದು. ಅಂದರೆ ಜಾಗ ಸರಿ ಇದ್ದರೂ ಬಾಣ ತಪ್ಪಿರಬಹುದು. ಅದಕ್ಕೇ ಬಾಣ ಬಿಟ್ಟು ದೂರದ ಅಂಕಿ ನೋಡಿ. ಒಂದಿಪ್ಪತ್ತು ಹೆಜ್ಜೆ ಹಾಕಿದಾಗ 60 ಮೀಟರ್ ಇದ್ದದ್ದು 45ಕ್ಕೆ ಇಳಿದರೆ ಸರಿ, 75ಕ್ಕೆ ಏರಿದರೆ ಹಿಂದೆ ತಿರುಗಿ. ಹತ್ತು ಮೀಟರ್ ಒಳಗೆ ಬಂದ ಮೇಲೆ ಫೋನು ಜೇಬಿಗೆ ಹಾಕಿ ಕಲ್ಲಿನ ಸಂದಿ ನೋಡಿ. ಅಗೆಯಬೇಡಿ, ಜಾಗದ ಮಾಲೀಕರ ಅನುಮತಿ ಇಲ್ಲದೆ ಡಬ್ಬಿ ಹೂಳುವುದು ಆಟದ ನಿಯಮಕ್ಕೆ ವಿರುದ್ಧ.

ಅಷ್ಟಾದರೂ ಡಬ್ಬಿ ಸಿಗದಿದ್ದರೆ ಕ್ಯಾಶ್‌ನ ವಿವರ ಇನ್ನೊಮ್ಮೆ ಓದಿ. ಅರ್ತ್‌ಕ್ಯಾಶ್ ಅಂತ ಬರೆದಿದ್ದರೆ ಡಬ್ಬಿ ಇರುವುದೇ ಇಲ್ಲ. ಹಿಮನದಿಯು ಬಂಡೆಯ ಮೇಲೆ ಎಳೆದ ಗೀರಿನಂಥದ್ದನ್ನು ನೋಡಿ, ಕೇಳಿದ ಪ್ರಶ್ನೆಗೆ ಉತ್ತರ ಬರೆದುಕೊಂಡು ಬರಬೇಕು. ಕಳಿಸುವುದಕ್ಕೆ ಮಾತ್ರ ನೆಟ್‌ವರ್ಕ್ ಬೇಕು.