ಟವರ್ ಕಂಡರೆ ಸಾಲದು, ಅಲೆಗೆ ಜಾಗ ಬೇಕು

ನಾಪೋಕ್ಲು ಹತ್ತಿರ ನಮ್ಮ ಚಿಕ್ಕಪ್ಪನ ತೋಟದಲ್ಲಿ ಫೋನಿಗೆ ರೇಂಜ್ ಸಿಗುವುದು ಒಂದೇ ಕಡೆ, ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ. ಅದಕ್ಕೇ ಅವರು 4 ಕಿಲೋಮೀಟರ್ ಆಚೆಯ ಬೆಟ್ಟದ ಟವರಿನಿಂದ ವೈರ್‌ಲೆಸ್ ಇಂಟರ್ನೆಟ್ ಹಾಕಿಸಿದರು. ಫಿಟ್ ಮಾಡಲು ಬಂದ ಹುಡುಗ ನೀರಿನ ಟ್ಯಾಂಕ್ ಹತ್ತಿ ದುರ್ಬೀನು ಹಿಡಿದ. "ಟವರ್ ನೇರ ಕಾಣ್ತದೆ ಸರ್, ಏನೂ ತೊಂದರೆ ಇಲ್ಲ" ಅಂದ. ಸರಿಯಾಗಿ ಅರ್ಧ ದಾರಿಯಲ್ಲಿ ಒಂದು ಏರು. ಅದರ ಮೇಲೆ ಬೇರೆಯವರ ತೋಟದ ಸಿಲ್ವರ್ ಓಕ್ ಸಾಲು. ಆ ಮರಗಳ ತುದಿಗೆ ತಾಗಿದಂತೆ ಟವರ್ ಕಾಣುತ್ತಿತ್ತು.

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಮುಂದಿನ ಮಳೆಗಾಲ ಲಿಂಕ್ ಕಡಿಯತೊಡಗಿತು. ಮನೆಯವರೆಲ್ಲ ಮಂಜನ್ನು ಬೈದರು. ಪಾಪ, ಮಂಜಿನ ತಪ್ಪೇನೂ ಇರಲಿಲ್ಲ.

ಈ ಲಿಂಕ್ ಕೆಲಸ ಮಾಡುವುದು 5.8 ಗಿಗಾಹರ್ಟ್ಸ್‌ನಲ್ಲಿ. ಅಲೆಯ ಉದ್ದ ಸುಮಾರು 5 ಸೆಂಟಿಮೀಟರ್. ಇಷ್ಟು ಉದ್ದದ ಅಲೆಗೆ ಮಂಜು ಲೆಕ್ಕಕ್ಕೇ ಇಲ್ಲ, 4 ಕಿಲೋಮೀಟರಿನ ಮಳೆಯೂ ದೊಡ್ಡದಲ್ಲ. ಜೋರು ಮಳೆಗೆ ಟಿವಿಯ ಡಿಶ್ ಕೈಕೊಡುತ್ತದೆ, ಅಲ್ವಾ? ಅದು 11-12 ಗಿಗಾಹರ್ಟ್ಸ್‌ನದ್ದು. ಮಳೆಹನಿಯ ಕಾಟ ಜಾಸ್ತಿಯಾಗುವುದು ಸುಮಾರು 10 ಗಿಗಾಹರ್ಟ್ಸ್ ದಾಟಿದ ಮೇಲೆ.

ಹಾಗಾದರೆ ತಪ್ಪು ಯಾರದ್ದು? ಜಮಾ-ಖರ್ಚಿನ ಲೆಕ್ಕ ಹಾಕಿ ನೋಡೋಣ. ಇದರ ನಾಣ್ಯ ಡೆಸಿಬಲ್. 3 ಹೋದರೆ ಶಕ್ತಿ ಅರ್ಧ, 10 ಹೋದರೆ ಹತ್ತರಲ್ಲಿ ಒಂದು ಪಾಲು. ಒಂದು ಮಿಲಿವಾಟ್ ಶಕ್ತಿಯನ್ನು ಸೊನ್ನೆ ಅಂತ ಇಟ್ಟುಕೊಂಡರೆ ಟವರಿನ ಯಂತ್ರದ್ದು 13, ಅಂದರೆ 20 ಮಿಲಿವಾಟ್. ಅಲ್ಲಿಯ ಆಂಟೆನಾ ಶಕ್ತಿಯನ್ನೆಲ್ಲ ಒಂದೇ ದಿಕ್ಕಿಗೆ ಕೂಡಿಸುವುದರಿಂದ ಮತ್ತೆ 23. ನಮ್ಮ ಕಡೆಯ ಆಂಟೆನಾದ್ದು ಇನ್ನೊಂದು 23. ಒಟ್ಟು ಜಮಾ 59. ಖರ್ಚು ಮಾತ್ರ ಗಾಬರಿ ಹುಟ್ಟಿಸುತ್ತದೆ. ಮರ ಇಲ್ಲ, ಗುಡ್ಡ ಇಲ್ಲ, ಬರೀ ಗಾಳಿ ಅಂದುಕೊಂಡರೂ 4 ಕಿಲೋಮೀಟರಿಗೆ 120 ಡೆಸಿಬಲ್ ಹೋಗುತ್ತದೆ. ಲಕ್ಷ ಕೋಟಿಯಲ್ಲಿ ಒಂದು ಪಾಲು ಉಳಿಯುತ್ತದೆ ಅಂತ ಅರ್ಥ. ಗಾಳಿ ಅದನ್ನು ನುಂಗುವುದಿಲ್ಲ, ಅಲೆ ಹರಡಿ ಹರಡಿ ತೆಳುವಾಗುತ್ತದೆ ಅಷ್ಟೆ. ಕೊನೆಗೆ ನಮ್ಮ ಕೈಗೆ ಸಿಗುವುದು ಮೈನಸ್ 61. ಒಂದು ಮಿಲಿವಾಟಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ! ಆದರೂ ಸಾಕು. ಯಂತ್ರಕ್ಕೆ ಒಳ್ಳೆ ವೇಗಕ್ಕೆ ಮೈನಸ್ 75 ಇದ್ದರೆ ನಡೆಯುತ್ತದೆ. 14 ಡೆಸಿಬಲ್ ಕೈಯಲ್ಲಿ ಉಳಿತಾಯ.

ಹಾಕಿಸಿದ ದಿನ ಪರದೆಯಲ್ಲಿ ಕಂಡದ್ದು ಮೈನಸ್ 67. ಆರು ಕಡಿಮೆ. ಇಂಟರ್ನೆಟ್ ಬಂತಲ್ಲ ಅಂತ ಯಾರೂ ಅದನ್ನು ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅಲ್ಲೇ ಇತ್ತು ಗುಟ್ಟು. ಬೆಳಕಿನ ಅಲೆ ತೀರಾ ಗಿಡ್ಡ, ಹಾಗಾಗಿ ಕಣ್ಣಿಗೆ ಒಂದು ಕಿಂಡಿ ಸಾಕು. ರೇಡಿಯೋ ಅಲೆಗೆ ಎರಡು ಆಂಟೆನಾಗಳ ನಡುವೆ ಸೌತೆಕಾಯಿ ಆಕಾರದ ಖಾಲಿ ಜಾಗ ಬೇಕು, ತುದಿಗಳಲ್ಲಿ ಸಪೂರ, ನಡುವೆ ದಪ್ಪ. ಇದಕ್ಕೆ ಫ್ರೆನೆಲ್ ವಲಯ ಅಂತ ಹೆಸರು. ಫ್ರೆನೆಲ್ 1827ರಲ್ಲೇ ತೀರಿಕೊಂಡ ಫ್ರೆಂಚ್ ವಿಜ್ಞಾನಿ. ಅವರು ಲೆಕ್ಕ ಮಾಡಿದ್ದು ಬೆಳಕಿಗೆ, ಆಗ ರೇಡಿಯೋ ಹುಟ್ಟಿಯೇ ಇರಲಿಲ್ಲ. ನಮ್ಮ ಲಿಂಕಿಗೆ ನಟ್ಟನಡುವೆ ಈ ಸೌತೆಕಾಯಿಯ ಅರ್ಧ ದಪ್ಪ ಸುಮಾರು 7 ಮೀಟರ್. ಅದರಲ್ಲಿ ನೂರಕ್ಕೆ 60 ಪಾಲು, ಅಂದರೆ ನಾಲ್ಕೂಕಾಲು ಮೀಟರ್, ನೋಟದ ಗೆರೆಯ ಕೆಳಗೆ ಖಾಲಿ ಇರಬೇಕು. ಅಡ್ಡಿಯ ತುದಿ ಸರಿಯಾಗಿ ಗೆರೆಗೇ ತಾಗಿದರೆ ನಷ್ಟ ಎಷ್ಟು ಗೊತ್ತಾ? 6 ಡೆಸಿಬಲ್.

ಸಿಲ್ವರ್ ಓಕ್ ಬೇಗ ಬೆಳೆಯುವ ಮರ. ಒಂದು ವರ್ಷದಲ್ಲಿ ತುದಿ ಗೆರೆ ದಾಟಿತು, ಅಲೆ ಸೊಪ್ಪಿನೊಳಗೆ ನುಗ್ಗಬೇಕಾಯಿತು. ಇಂಜಿನಿಯರುಗಳ ಒಂದು ಅಂದಾಜು ಸೂತ್ರದ ಪ್ರಕಾರ ಈ ಅಲೆ 50 ಮೀಟರ್ ಮರಗಳನ್ನು ಹಾದರೆ 22 ಡೆಸಿಬಲ್ ಹೋಗುತ್ತದೆ. ನೆನೆದ ಎಲೆಯಾದರೆ ಇನ್ನೂ ಜಾಸ್ತಿ. ಮಳೆಗಾಲದಲ್ಲೇ ಕೈಕೊಟ್ಟಿದ್ದು ಅದಕ್ಕೆ. ಅದೇ ಮನೆಯಲ್ಲಿ ಮಡಿಕೇರಿ ಆಕಾಶವಾಣಿ ಮಾತ್ರ ಆರಾಮಾಗಿ ಹಾಡುತ್ತಿತ್ತು. 103.1 ಮೆಗಾಹರ್ಟ್ಸ್, ಅಲೆಯ ಉದ್ದ ಸುಮಾರು 3 ಮೀಟರ್. ಅಂಥ ಅಲೆ ಎಲೆಗೆ ಅಷ್ಟಾಗಿ ಜಗ್ಗುವುದಿಲ್ಲ, ಗುಡ್ಡದ ಅಂಚಿನಲ್ಲೂ ಚೆನ್ನಾಗಿ ಬಾಗಿ ಇಳಿಯುತ್ತದೆ.

ಉಳಿದದ್ದು ಒಂದೇ ಉಪಾಯ, ಆಂಟೆನಾವನ್ನು ಎತ್ತರಕ್ಕೆ ಏರಿಸುವುದು. 2020ರಲ್ಲಿ ಸೋಮವಾರಪೇಟೆ ಕಡೆಯ ಶಿಕ್ಷಕರೊಬ್ಬರು ಆನ್‌ಲೈನ್ ಪಾಠಕ್ಕೆ ಮರದ ಮೇಲೆ ಅಟ್ಟಣಿಗೆ ಕಟ್ಟಿದ್ದು ಸುದ್ದಿಯಾಗಿತ್ತು. ಅವರು ಮಾಡಿದ್ದೂ ಇದನ್ನೇ. ನಮಗೆ ಟ್ಯಾಂಕಿನ ಮೇಲೆ ಕಂಬ ಏರಿಸುವುದು ಕಷ್ಟವಿತ್ತು. ಒಂದೇ ತುದಿ ಏರಿಸಿದರೆ ನಟ್ಟನಡುವೆ ಗೆರೆ ಏರುವುದು ಅದರ ಅರ್ಧ. ಮರ ಬೆಳೆದದ್ದೂ ಸೇರಿ ಅಲ್ಲಿ 6 ಮೀಟರ್ ಬೇಕಾದರೆ ಇಲ್ಲಿ 12 ಮೀಟರ್! ಆ ಮರಗಳ ಕಪಾತು, ಅಂದರೆ ಕೊಂಬೆ ಸವರುವುದನ್ನು, ಕೇಳೋಣವೆಂದರೆ ಮೈತುಂಬ ಮೆಣಸಿನ ಬಳ್ಳಿ, ಯಾವ ಮುಖ ಹೊತ್ತು ಕೇಳುವುದು? ಕೊನೆಗೆ ಮನೆ ಹಿಂದಿನ ಗುಡ್ಡೆಯ ನೆತ್ತಿಯಲ್ಲಿ ಕಬ್ಬಿಣದ ಕಂಬ ನಿಲ್ಲಿಸಿದೆವು. 80 ಮೀಟರ್ ಕೇಬಲ್ ಎಳೆದೆವು. ಚಿಕ್ಕಪ್ಪ ಮೇಲೆ ನಿಂತು ಆಂಟೆನಾವನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋದರು. ನಾನು ಕೆಳಗಿಂದ ಅಂಕಿ ಕೂಗುತ್ತಿದ್ದೆ. 70, 66, 63. ಮೈನಸ್ 62ಕ್ಕೆ ಬೋಲ್ಟ್ ಬಿಗಿದೆವು.