ನುಸಿ ಬಿದ್ದು ಗಂಟಾದ ಗಿಡದ ಔಷಧಿ ಗುಣ ಕೆಡುತ್ತಾ?

ಪ್ರಶ್ನೆ: ಜಯನಗರದ ಅಂಗಡಿಯೊಂದರಲ್ಲಿ ರೋಡಿಯೋಲಾ ಮಾತ್ರೆ ತಗೊಂಡೆ. ಆರ್ಕ್ಟಿಕ್ ಕಡೆಯ ಈ ಗಿಡಕ್ಕೆ ನುಸಿ ಬಿದ್ದು ಗಂಟು ಕಟ್ಟುತ್ತದಂತೆ. ಆಗ ಔಷಧಿ ಗುಣ ಹೋಗಿಬಿಡುತ್ತಾ?

ಉತ್ತರ: ಗಂಟಿನ ರಸಾಯನವಂತೂ ಖಂಡಿತ ಬದಲಾಗುತ್ತದೆ. ಆದರೆ ಗಂಟಾಗುವುದು ನೆಲದ ಮೇಲಿನ ಎಲೆ, ಹೂವಿನಲ್ಲಿ. ಔಷಧಿ ಸಿಗುವುದು ನೆಲದೊಳಗಿನ ಗೆಡ್ಡೆಯಂಥ ಬೇರಿನಲ್ಲಿ. ಗಂಟು ಕಂಡ ಕೂಡಲೇ ಬೇರೂ ಕೆಟ್ಟಿತು ಅನ್ನುವಂತಿಲ್ಲ.

ಈ ನುಸಿಯ ಬಳಗ ನಮಗೆ ಹೊಸದಲ್ಲ. ತೆಂಗಿನಕಾಯಿಯ ಸಿಪ್ಪೆ ಕಂದಿಸುವ ನುಸಿ, ಬೆಂಗಳೂರಿನ ಬೀದಿಗಳ ಹೊಂಗೆ ಎಲೆಯಲ್ಲಿ ಗುಳ್ಳೆ ಎಬ್ಬಿಸುವ ನುಸಿ, ರೋಡಿಯೋಲಾದ ನುಸಿ, ಮೂರೂ ಅಸೇರಿಯಾ ಎಂಬ ಒಂದೇ ಕುಲದವು. ಹೊಂಗೆ ಎಲೆಯ ಗುಳ್ಳೆಯೊಂದನ್ನು ಬ್ಲೇಡಿನಿಂದ ಸೀಳಿ, ಒಳ್ಳೆಯ ಭೂತಗನ್ನಡಿಯಲ್ಲಿ ನೋಡಿ. ಬೆಳ್ಳಗೆ, ಉದ್ದಕ್ಕೆ ಹರಿದಾಡುವುದು ಕಂಡರೆ ಅದೇ ನುಸಿ. ಉದ್ದ ಸುಮಾರು 0.2 ಮಿಲಿಮೀಟರ್. ಬೆಳೆದ ಬೇರೆ ನುಸಿಗಳಿಗೆ ಸಾಮಾನ್ಯವಾಗಿ ಎಂಟು ಕಾಲು, ಇದಕ್ಕೆ ನಾಲ್ಕೇ. (ಗುಳ್ಳೆ ಕಂಡಿತು ಅಂತ ಹೊಂಗೆಗೆ ಕೀಟನಾಶಕ ಹೊಡೆಸಬೇಡಿ, ದಯವಿಟ್ಟು. ಮರ ತಡೆದುಕೊಳ್ಳುತ್ತದೆ.)

ನುಸಿ ಎಳೆ ಎಲೆಯ ಜೀವಕೋಶಕ್ಕೆ ಬಾಯಿ ಚುಚ್ಚಿ ಜೊಲ್ಲು ಬಿಡುತ್ತದೆ. ಸುತ್ತಲಿನ ಕೋಶಗಳು ಅಡ್ಡಾದಿಡ್ಡಿ ಬೆಳೆದು ಗಂಟಾಗುತ್ತವೆ. ನುಸಿಗೆ ಗೂಡು ಕಟ್ಟಿಕೊಡುವುದು, ಊಟ ಒದಗಿಸುವುದು, ಎರಡೂ ಗಿಡವೇ! ಗಂಟಿನಲ್ಲಿ ಸಾಮಾನ್ಯವಾಗಿ ಸಕ್ಕರೆ ತಯಾರಿಸುವ ಹಸಿರು ಕಮ್ಮಿ. ಹಾಗಾಗಿ ಬೇರೆ ಭಾಗದ ಸಕ್ಕರೆ ಅಲ್ಲಿಗೆ ಹರಿಯುತ್ತದೆ. ಗಿಡವೂ ಸುಮ್ನೆ ಇರುವುದಿಲ್ಲ. ರಕ್ಷಣೆಗೆ ಫೀನಾಲ್, ಟ್ಯಾನಿನ್ ಎಂಬ ರಾಸಾಯನಿಕಗಳನ್ನು ಕೂಡಿಡುತ್ತದೆ. ಚಿಕ್ಕಪೇಟೆ ಕಡೆ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಮಾಚಿಕಾಯಿಯೂ ಇಂಥ ಗಂಟೇ. ಓಕ್ ಮರದ ಮೇಲೆ ಪುಟ್ಟ ಕಣಜದಿಂದ ಆಗಿದ್ದು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಟ್ಯಾನಿನ್ ಇರಬಹುದು. ಅಲ್ಲಿ ಗಂಟೇ ಔಷಧಿ.

ಇನ್ನು ರೋಡಿಯೋಲಾದ ಬೇರು. ಕತ್ತರಿಸಿದರೆ ಗುಲಾಬಿಯ ವಾಸನೆ ಬರುತ್ತದೆ. ಅದರ ಮುಖ್ಯ ಅಂಶಗಳು ರೋಸಾವಿನ್ ಮತ್ತು ಸಾಲಿಡ್ರೊಸೈಡ್. ರೋಸಾವಿನ್ ತಯಾರಾಗುವುದು ಅಮೈನೊ ಆಮ್ಲವಾದ ಫೀನೈಲ್‌ಅಲನಿನ್‌ನಿಂದ. ಗಿಡದ ಎಷ್ಟೋ ಫೀನಾಲ್‌ಗಳಿಗೂ ಮೂಲ ಅದೇ. ಸಾಲದ್ದಕ್ಕೆ ರೋಸಾವಿನ್, ಸಾಲಿಡ್ರೊಸೈಡ್ ಎರಡಕ್ಕೂ ಸಕ್ಕರೆ ಬೇಕು. ಅಂದರೆ ಗಂಟೂ ಬೇರೂ ಒಂದೇ ಉಗ್ರಾಣಕ್ಕೆ ಕೈ ಹಾಕುತ್ತವೆ. ಅಲ್ಲೊಂದು ಇಲ್ಲೊಂದು ಗಂಟಿದ್ದರೆ ನಾನಂತೂ ತಲೆ ಕೆಡಿಸಿಕೊಳ್ಳುವುದಿಲ್ಲ. ಚಿಗುರು, ಹೂಗೊಂಚಲು ಪೂರ್ತಿ ಗಂಟಾದ ಗಿಡದ ಬೇರನ್ನು ಮಾತ್ರ ಅಳೆಯದೆ ನಂಬಬಾರದು. ಆರ್ಕ್ಟಿಕ್ ಕಡೆ ಬೇಸಿಗೆಯೇ ಚಿಕ್ಕದು, ಬೇರಿಗೆ ಸತ್ವ ತುಂಬಿಕೊಳ್ಳಲು ಸಿಗುವ ಕಾಲ ಅಷ್ಟೇ.

ನಿಮ್ಮ ಡಬ್ಬಿಯ ಮೇಲೆ ಇವೆರಡರ ಪ್ರಮಾಣ ಇದೆಯಾ ನೋಡಿ. ಸಾಮಾನ್ಯವಾಗಿ ರೋಸಾವಿನ್ 3%, ಸಾಲಿಡ್ರೊಸೈಡ್ 1% ಎಂದಿರುತ್ತದೆ. ಬರೀ ‘ಬೇರಿನ ಪುಡಿ’ ಎಂದಿದ್ದರೆ ಲ್ಯಾಬ್ ವರದಿ ಕೇಳಿ. ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಇದನ್ನು ಶುರು ಮಾಡಬೇಡಿ.