ಭ್ರೂಣದಾನ: ದಾನಿ ಭ್ರೂಣದಿಂದ ಬಸಿರು

ಬೇರೆಯವರ ಅಂಡಾಣು, ಬೇರೆಯವರ ವೀರ್ಯದಿಂದಾದ ಭ್ರೂಣವನ್ನು ಮಕ್ಕಳಿಲ್ಲದ ಹೆಣ್ಣಿನ ಗರ್ಭಕೋಶದಲ್ಲಿಟ್ಟು ಬಸಿರು ನಿಲ್ಲಿಸುವುದು ಭ್ರೂಣದಾನ. ಹೆಂಡತಿಗೆ ವಯಸ್ಸಿಗೆ ಮುಂಚೆಯೇ ಮುಟ್ಟು ನಿಂತಿದೆ, ಗಂಡನಿಗೆ ವೃಷಣದಿಂದ ನೇರವಾಗಿ ತೆಗೆದು ನೋಡಿದರೂ ವೀರ್ಯಾಣು ಸಿಕ್ಕಿಲ್ಲ ಎಂಬಂಥ ಜೋಡಿಗೆ ಇದು. ತೊಂದರೆ ಒಬ್ಬರಲ್ಲೇ ಇದ್ದರೆ ಅಂಡಾಣು ದಾನವೋ ವೀರ್ಯದಾನವೋ ಸಾಕು.

ಅಮೆರಿಕ, ಬ್ರಿಟನ್‌ಗಳಲ್ಲಿ ಐವಿಎಫ್ (ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸುವ ಚಿಕಿತ್ಸೆ) ಮಾಡಿಸಿಕೊಂಡವರು ಮಿಕ್ಕ ಭ್ರೂಣವನ್ನು ಬೇರೆ ದಂಪತಿಗೆ ಕೊಡಬಹುದು. ನಮ್ಮಲ್ಲಿ ಹಾಗಿಲ್ಲ. 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆ ಭ್ರೂಣ ಮಾರುವುದನ್ನೂ ಇನ್ನೊಬ್ಬರಿಗೆ ದಾಟಿಸುವುದನ್ನೂ ನಿಷೇಧಿಸಿದೆ. ಶೇಖರಿಸಿಡಲು ಗರಿಷ್ಠ 10 ವರ್ಷ. ಹಾಗಾಗಿ ಶಿವಮೊಗ್ಗದಲ್ಲಿ ‘ಡೋನರ್ ಎಂಬ್ರಿಯೋ’ ಎಂದರೆ ನೋಂದಾಯಿತ ಎಆರ್‌ಟಿ ಬ್ಯಾಂಕಿನ (ದಾನಿಗಳ ಅಂಡಾಣು, ವೀರ್ಯ ಒದಗಿಸುವ ಸಂಸ್ಥೆ) ಮೂಲಕ ಅಂಡಾಣು, ವೀರ್ಯ ಎರಡನ್ನೂ ತರಿಸಿ ನಿಮಗಾಗಿಯೇ ಬೆಳೆಸಿದ ಭ್ರೂಣ ಎಂದೇ ಆಗಬೇಕು. “ಯಾರದೋ ರೆಡಿ ಇದೆ, ಕಡಿಮೆಗೆ ಮಾಡಿಕೊಡ್ತೀವಿ” ಎಂದರೆ ಎದ್ದು ಬನ್ನಿ. ಒಂದನೇ ಹಂತದ ಚಿಕಿತ್ಸಾ ಕೇಂದ್ರಕ್ಕೆ ಐಯುಐಗಷ್ಟೇ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುವುದು) ಪರವಾನಗಿ. ಇದಕ್ಕೆ ಎರಡನೇ ಹಂತದ ನೋಂದಣಿ ಪತ್ರ ಬೇಕು, ಕೇಳಿ ನೋಡಿ. ಚಿಕಿತ್ಸೆಗೆ ಹೆಂಡತಿಯ ವಯಸ್ಸು 21ರಿಂದ 50, ಗಂಡನದು 21ರಿಂದ 55.

ಭ್ರೂಣ ಎಷ್ಟೇ ಚೆನ್ನಾಗಿರಲಿ, ಗರ್ಭಕೋಶ ಸಿದ್ಧವಿರಬೇಕು. ಪಾಲಿಪ್ (ಒಳಪದರದಲ್ಲಿ ಬೆಳೆದ ಸಣ್ಣ ಗಂಟು) ಇದೆಯೇ, ಗರ್ಭನಾಳದಲ್ಲಿ ನೀರು ತುಂಬಿದೆಯೇ, ಹಿಂದೆ ಗರ್ಭಕೋಶದ ಕ್ಷಯ ಬಂದು ಒಳಪದರ ಅಂಟಿಕೊಂಡಿದೆಯೇ ಎಂದು ಮೊದಲೇ ನೋಡುತ್ತಾರೆ. ಮುಟ್ಟು ಬರುವವರಿಗೆ ಅದರ 2ನೇ ದಿನದ ಸುಮಾರಿಗೆ, ನಿಂತವರಿಗೆ ಡಾಕ್ಟರು ಹೇಳಿದ ದಿನದಿಂದ, ಒಳಪದರ ಬೆಳೆಸುವ ಹಾರ್ಮೋನಾದ ಎಸ್ಟ್ರಾಡಯೋಲ್ ಮಾತ್ರೆ ಶುರು. ಸಾಮಾನ್ಯವಾಗಿ 2 ಮಿಲಿಗ್ರಾಂ, ದಿನಕ್ಕೆ ಎರಡು ಮೂರು ಸಲ. ಹತ್ತರಿಂದ ಹದಿನಾಲ್ಕು ದಿನದಲ್ಲಿ ಒಳಪದರ 7–8 ಮಿಲಿಮೀಟರ್ ದಪ್ಪವಾಗಿ, ಸ್ಕ್ಯಾನಿನಲ್ಲಿ ಮೂರು ಗೆರೆಯಾಗಿ ಕಾಣಬೇಕು. ಆಮೇಲೆ ಭ್ರೂಣ ಕಚ್ಚಿಕೊಳ್ಳಲು ಪದರವನ್ನು ಹದಗೊಳಿಸುವ ಹಾರ್ಮೋನ್, ಪ್ರೊಜೆಸ್ಟರಾನ್. ಐದು ದಿನ ಬೆಳೆದ ಭ್ರೂಣವಾದರೆ, ಪ್ರೊಜೆಸ್ಟರಾನ್ ಐದು ದಿನ ಪೂರ್ತಿಯಾದ ಮೇಲೆ ಮೃದು ನಳಿಕೆಯಿಂದ ಒಳಗಿಡುತ್ತಾರೆ. ಈ ಲೆಕ್ಕ ಒಂದೆರಡು ದಿನ ತಪ್ಪಿದರೂ ಭ್ರೂಣ ಕಚ್ಚಿಕೊಳ್ಳುವುದು ಕಷ್ಟ. ಬಸಿರು ನಿಂತಿದೆಯೇ ಎಂದು ತಿಳಿಸುವ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ, ಭ್ರೂಣ ಇಟ್ಟ 10–14 ದಿನದ ನಂತರ.

ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬರುವವರಿಗೆ ರಸ್ತೆಯದ್ದೇ ಹೆದರಿಕೆ. ಬಸ್ಸಿನ ಕುಲುಕಾಟಕ್ಕೆ ಭ್ರೂಣ ಜಾರುವುದಿಲ್ಲ, ವಾರಗಟ್ಟಲೆ ಮಲಗಿರುವುದೂ ಬೇಡ. ಹೆದರಬೇಕಾದದ್ದು ಔಷಧ ಮುಗಿಯುವುದಕ್ಕೆ. ಈ ಬಗೆಯ ಚಿಕಿತ್ಸೆಯಲ್ಲಿ ಅಂಡಾಶಯದಿಂದ ಪ್ರೊಜೆಸ್ಟರಾನ್ ಬರುವುದಿಲ್ಲ. ಪ್ಲಾಸೆಂಟಾ (ಮಾಸು) ಆ ಕೆಲಸ ವಹಿಸಿಕೊಳ್ಳುವ, ಬಸಿರಿನ 10–12 ವಾರದವರೆಗೆ ಹೊರಗಿನದ್ದೇ ಆಧಾರ. ಮಳೆಗಾಲದಲ್ಲಿ ಮರ ಬಿದ್ದು ದಾರಿ ಕಟ್ಟಿದರೂ ಡೋಸ್ ತಪ್ಪದಂತೆ ವಾರಕ್ಕಾಗುವಷ್ಟು ಹೆಚ್ಚಿಗೆ ತಂದಿಡಿ.

ಹುಟ್ಟುವ ಮಗು ಕಾನೂನಿನ ಪ್ರಕಾರ ನಿಮ್ಮದೇ, ದಾನಿಗಳಿಗೆ ಯಾವ ಹಕ್ಕೂ ಇರುವುದಿಲ್ಲ. ನೆಂಟರಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಊರಿನ ಹೆರಿಗೆ ಡಾಕ್ಟರಿಗೆ ಮುಚ್ಚಿಡಬೇಡಿ. ದಾನಿ ಅಂಡಾಣುವಿನ ಬಸಿರಲ್ಲಿ ಬಿಪಿ ಏರುವ ಅಪಾಯ ಹೆಚ್ಚು, ಅದಕ್ಕೆ ತಪಾಸಣೆ ಬಿಗಿಯಾಗಿರಬೇಕು. ಡೌನ್ ಸಿಂಡ್ರೋಮ್ (ಮಗುವಿನ ವರ್ಣತಂತುವಿನ ದೋಷ) ಪರೀಕ್ಷೆಯ ಫಾರಮಿನಲ್ಲಿ ಅಂಡಾಣು ತೆಗೆದಾಗ ದಾನಿಗೆ ಎಷ್ಟು ವಯಸ್ಸು ಎಂಬುದನ್ನು ತುಂಬಬೇಕು. 42ರ ತಾಯಿಯ ವಯಸ್ಸು ಬರೆದರೆ ಇಲ್ಲದ ಅಪಾಯ ರಿಪೋರ್ಟಿನಲ್ಲಿ ಕಾಣಿಸಿಕೊಂಡು, ಹೊಟ್ಟೆಗೆ ಸೂಜಿ ಚುಚ್ಚಿ ಗರ್ಭದ ನೀರು ತೆಗೆಯುವ ಬೇಡದ ಪರೀಕ್ಷೆಯವರೆಗೂ ಹೋಗುತ್ತದೆ.